ಎಲೆಕ್ಟ್ರಾನಿಕ್ ಮಂಡಲ ವಿನ್ಯಾಸದ ಶಿಕ್ಷಣ

ಎಲೆಕ್ಟ್ರಾನಿಕ್ ಮಂಡಲ ವಿನ್ಯಾಸದ ಶಿಕ್ಷಣ ಎಂದರೆ ಗಣಕ ತಂತ್ರಾಂಶಗಳ ನೆರವಿನಿಂದ ಎಲೆಕ್ಟ್ರಾನಿಕ್ ಮಂಡಲಗಳನ್ನು, ಅಂದರೆ ಸರ್ಕ್ಯೂಟುಗಳನ್ನು, ರಚಿಸುವುದನ್ನೂ ಹಾಗೆ ರಚಿಸಿದುದನ್ನು ಫಲಕವಾಗಿ ಅಥವಾ ಚಿಪ್ ಆಗಿ ತಯಾರಿಸಿ ಪರೀಕ್ಷಿಸುವುದನ್ನೂ ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮ. ಇದರಲ್ಲಿ ಎರಡು ಮುಖ್ಯ ಶಾಖೆಗಳಿವೆ. ರೋಧಕ, ಕೆಪಾಸಿಟರ್, ಟ್ರಾನ್ಸಿಸ್ಟರ್ ಮುಂತಾದ ಬಿಡಿಭಾಗಗಳನ್ನು ತಾಮ್ರದ ದಾರಿಗಳಿಂದ ಜೋಡಿಸುವ ಮುದ್ರಿತ ಮಂಡಲ ಫಲಕಗಳ ವಿನ್ಯಾಸ ಮೊದಲನೆಯದು. ಇಂತಹ ಫಲಕಗಳು ಪಿಸಿಬಿ ಎಂಬ ಹೆಸರಿನಿಂದ ಪರಿಚಿತವಾಗಿವೆ. ಸಿಲಿಕಾನಿನ ಒಂದೇ ತುಣುಕಿನ ಮೇಲೆ ಇಡೀ ಮಂಡಲವನ್ನು ಮೂಡಿಸುವ ಸಮಗ್ರ ಮಂಡಲಗಳ ವಿನ್ಯಾಸ ಎರಡನೆಯದು. ಮೊದಲನೆಯದನ್ನು ಪಾಲಿಟೆಕ್ನಿಕ್ ಮತ್ತು ಐಟಿಐ ಮಟ್ಟದಿಂದಲೇ ಕಲಿಸಲಾಗುತ್ತದೆ. ಎರಡನೆಯದು ಸಾಮಾನ್ಯವಾಗಿ ಎಂಜಿನಿಯರಿಂಗ್ ಪದವಿ ಮತ್ತು ಸ್ನಾತಕೋತ್ತರ ತರಗತಿಗಳ ವಿಷಯ.

ಈ ವಿಷಯದ ಇತಿಹಾಸದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂದು ಉದ್ಯಮವು ಬಳಸುವ ಹಲವು ಉಪಕರಣಗಳು ಮತ್ತು ವಿಧಾನಗಳು ಕಾರ್ಖಾನೆಯಿಂದ ತರಗತಿಗೆ ಬಂದವುಗಳಲ್ಲ. ತರಗತಿಯಲ್ಲಿ ಹುಟ್ಟಿ ಕಾರ್ಖಾನೆಗೆ ಹೋದವು. ಸ್ಪೈಸ್ ಎಂಬ ಅನುಕರಣ ತಂತ್ರಾಂಶ, ಹಲವರ ವಿನ್ಯಾಸಗಳನ್ನು ಒಟ್ಟುಗೂಡಿಸಿ ಚಿಪ್ ತಯಾರಿಸುವ ಪದ್ಧತಿ, ಕಿಕ್ಯಾಡ್ ಎಂಬ ಫಲಕ ವಿನ್ಯಾಸ ತಂತ್ರಾಂಶ, ಈ ಮೂರರ ಬೇರುಗಳೂ ಶಿಕ್ಷಣ ಮತ್ತು ಸಂಶೋಧನೆಯ ಪರಿಸರದಲ್ಲಿವೆ.

ಹಿನ್ನೆಲೆ

1970ರ ದಶಕದವರೆಗೂ ಮಂಡಲ ವಿನ್ಯಾಸವು ಬಹುಮಟ್ಟಿಗೆ ಕೈಕೆಲಸವಾಗಿತ್ತು. ಕೆಳಗಿನಿಂದ ಬೆಳಕು ಹಾಯುವ ಮೇಜಿನ ಮೇಲೆ ಪಾರದರ್ಶಕ ಹಾಳೆಯನ್ನು ಹಾಸಿ, ಕಪ್ಪು ಅಂಟುಪಟ್ಟಿಗಳನ್ನು ಅಂಟಿಸಿ ತಾಮ್ರದ ದಾರಿಗಳನ್ನು ರೂಪಿಸುತ್ತಿದ್ದರು. ಈ ನಕ್ಷೆಯನ್ನು ನಿಜವಾದ ಅಳತೆಯ ಎರಡು ಅಥವಾ ನಾಲ್ಕು ಪಟ್ಟು ದೊಡ್ಡದಾಗಿ ಮಾಡಿ, ಅನಂತರ ಛಾಯಾಗ್ರಹಣದ ಮೂಲಕ ಕುಗ್ಗಿಸಲಾಗುತ್ತಿತ್ತು. ಚಿಪ್‌ಗಳ ವಿಷಯದಲ್ಲಿ ರೂಬಿಲಿತ್ ಎಂಬ ಕೆಂಪು ಪದರದ ಹಾಳೆಯನ್ನು ಹರಿತವಾದ ಅಲಗಿನಿಂದ ಕತ್ತರಿಸಿ, ಬೇಡದ ಭಾಗವನ್ನು ಸುಲಿದು ತೆಗೆಯುತ್ತಿದ್ದರು. ಒಂದು ಗೆರೆ ತಪ್ಪಿದರೆ ಗಂಟೆಗಟ್ಟಲೆ ದುಡಿಮೆ ವ್ಯರ್ಥವಾಗುತ್ತಿತ್ತು. ಮಂಡಲ ಸರಿಯಾಗಿ ಕೆಲಸ ಮಾಡುವುದೇ ಎಂಬುದನ್ನು ಕಾಗದದ ಮೇಲಿನ ಲೆಕ್ಕದಿಂದ ಮತ್ತು ಬಿಡಿಭಾಗಗಳನ್ನು ತಾತ್ಕಾಲಿಕವಾಗಿ ಜೋಡಿಸಿ ನೋಡುವುದರಿಂದ ತಿಳಿಯಬೇಕಾಗಿತ್ತು. ಚಿಪ್ ಒಳಗಿನ ಮಂಡಲಕ್ಕೆ ಈ ಜೋಡಣೆಯ ಪರೀಕ್ಷೆ ಸಾಲದಾಯಿತು. ಸಿಲಿಕಾನಿನ ಮೇಲೆ ಒತ್ತಾಗಿ ಕುಳಿತ ಟ್ರಾನ್ಸಿಸ್ಟರುಗಳ ವರ್ತನೆಯೇ ಬೇರೆ, ಮೇಜಿನ ಮೇಲೆ ತಂತಿಯಿಂದ ಜೋಡಿಸಿದ ಬಿಡಿ ಟ್ರಾನ್ಸಿಸ್ಟರುಗಳ ವರ್ತನೆಯೇ ಬೇರೆ.

ತರಗತಿಯಲ್ಲಿ ಹುಟ್ಟಿದ ಸ್ಪೈಸ್

ಮಂಡಲವನ್ನು ಕಟ್ಟುವ ಮೊದಲೇ ಅದರ ವರ್ತನೆಯನ್ನು ಗಣಕದಲ್ಲಿ ಲೆಕ್ಕ ಹಾಕಿ ನೋಡುವುದಕ್ಕೆ ಅನುಕರಣ ಅಥವಾ ಸಿಮ್ಯುಲೇಶನ್ ಎನ್ನುತ್ತಾರೆ. 1969–70ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ರೋರರ್ ಎಂಬ ಪ್ರಾಧ್ಯಾಪಕರು ಈ ವಿಷಯದ ತರಗತಿಯೊಂದನ್ನು ತೆಗೆದುಕೊಂಡಿದ್ದರು. ಉಪನ್ಯಾಸ ಮಾಡುವುದಕ್ಕೆ ಬದಲಾಗಿ ಅವರು ವಿದ್ಯಾರ್ಥಿಗಳೆಲ್ಲರೂ ಸೇರಿ ಒಂದು ಅನುಕರಣ ತಂತ್ರಾಂಶವನ್ನು ಬರೆಯಬೇಕೆಂದು ವಿಧಿಸಿದರು. ಅದೇ ವಿಭಾಗದ ಹಿರಿಯ ಪ್ರಾಧ್ಯಾಪಕ ಡೊನಾಲ್ಡ್ ಪೆಡರ್ಸನ್ ಅದನ್ನು ಒಪ್ಪಿದರೆ ತರಗತಿಯೆಲ್ಲ ಉತ್ತೀರ್ಣ ಎಂಬುದು ನಿಯಮ. ಪೆಡರ್ಸನ್ ಒಪ್ಪಿದರು. ಆ ತಂತ್ರಾಂಶಕ್ಕೆ ‘ಕ್ಯಾನ್ಸರ್’ ಎಂಬ ವಿಚಿತ್ರ ಹೆಸರಿತ್ತು. ಅದು ‘ವಿಕಿರಣವನ್ನು ಬಿಟ್ಟು, ಅರೇಖೀಯ ಮಂಡಲಗಳ ಗಣಕ ವಿಶ್ಲೇಷಣೆ’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳಿಂದ ಆದದ್ದು. ಆ ಕಾಲದ ಅನೇಕ ಅನುಕರಣ ತಂತ್ರಾಂಶಗಳು ರಕ್ಷಣಾ ಇಲಾಖೆಯ ಹಣದಿಂದ ಸಿದ್ಧವಾಗುತ್ತಿದ್ದು, ಪರಮಾಣು ವಿಕಿರಣದ ಪರಿಣಾಮವನ್ನು ಲೆಕ್ಕ ಹಾಕುವುದು ಅವುಗಳ ಒಂದು ಕೆಲಸವಾಗಿತ್ತು. ತಮ್ಮದು ಅಂಥದ್ದಲ್ಲ ಎಂಬ ಕುಹಕ ಆ ಹೆಸರಿನಲ್ಲಿದೆ.

ಆ ತರಗತಿಯಲ್ಲಿದ್ದ ಲಾರೆನ್ಸ್ ನೇಗಲ್ ಅನಂತರ ಪೆಡರ್ಸನ್ನರ ಮಾರ್ಗದರ್ಶನದಲ್ಲಿ ಇದನ್ನು ಹೊಸದಾಗಿ ಬರೆದರು. 1973ರಲ್ಲಿ ಸ್ಪೈಸ್ ಎಂಬ ಹೆಸರಿನಿಂದ ಅದು ಬೆಳಕಿಗೆ ಬಂತು; 1975ರಲ್ಲಿ ಎರಡನೆಯ ಆವೃತ್ತಿ ಸಿದ್ಧವಾಯಿತು. ತಂತ್ರಾಂಶವು ಯಾರೊಬ್ಬರ ಸ್ವತ್ತೂ ಆಗಬಾರದು, ಕೇಳಿದವರಿಗೆ ಸಿಗಬೇಕು ಎಂಬುದು ಪೆಡರ್ಸನ್ನರ ನಿಲುವಾಗಿತ್ತು. ಬರ್ಕ್ಲಿಯಿಂದ ಪದವಿ ಪಡೆದು ಕಂಪನಿಗಳಿಗೆ ಹೋದ ವಿದ್ಯಾರ್ಥಿಗಳು ಅದರ ಟೇಪುಗಳನ್ನು ತಮ್ಮೊಡನೆ ಕೊಂಡೊಯ್ದರು. ಇಂದಿನ ಎನ್‌ಜಿ–ಸ್ಪೈಸ್ ಮೊದಲಾದ ಉಚಿತ ತಂತ್ರಾಂಶಗಳೂ ದುಬಾರಿ ಬೆಲೆಯ ಹಲವು ವಾಣಿಜ್ಯ ತಂತ್ರಾಂಶಗಳೂ ಇದೇ ವಂಶದವು.

ಮೀಡ್–ಕಾನ್ವೆ ಪಾಠಕ್ರಮ

ಚಿಪ್ ವಿನ್ಯಾಸವನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ದೀರ್ಘಕಾಲ ಅಸಾಧ್ಯವೆಂದೇ ಭಾವಿಸಲಾಗಿತ್ತು. ವಿನ್ಯಾಸದ ನಿಯಮಗಳು ಪ್ರತಿಯೊಂದು ಕಾರ್ಖಾನೆಯ ಗುಟ್ಟುಗಳಾಗಿದ್ದವು. ಯಾವ ಗೆರೆಯ ಅಗಲ ಎಷ್ಟಿರಬೇಕು, ಎರಡು ಗೆರೆಗಳ ನಡುವೆ ಎಷ್ಟು ಅಂತರ ಬೇಕು ಎಂಬುದನ್ನು ಹೇಳುವ ದಪ್ಪ ಕೈಪಿಡಿಗಳು ಹೊರಗಿನವರಿಗೆ ಸಿಗುತ್ತಿರಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಅರೆವಾಹಕಗಳ ಭೌತಶಾಸ್ತ್ರವನ್ನು ಕಲಿತವರು ಚಿಪ್ ವಿನ್ಯಾಸವನ್ನು ಕಲಿಯುತ್ತಿದ್ದುದು ಉದ್ಯೋಗಕ್ಕೆ ಸೇರಿದ ಮೇಲೆ.

ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕಾರ್ವರ್ ಮೀಡ್ 1970ರ ದಶಕದ ಆರಂಭದಿಂದಲೇ ಈ ಕಟ್ಟನ್ನು ಮುರಿಯಲು ಯತ್ನಿಸಿ, ತಮ್ಮ ವಿದ್ಯಾರ್ಥಿಗಳಿಂದ ಚಿಪ್‌ಗಳನ್ನು ವಿನ್ಯಾಸ ಮಾಡಿಸುತ್ತಿದ್ದರು. ಆ ದಶಕದ ಮಧ್ಯದಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದಲ್ಲಿದ್ದ ಲಿನ್ ಕಾನ್ವೆ ಅವರೊಡನೆ ಸೇರಿದರು. ಇಬ್ಬರೂ ಕೂಡಿ ಕಾರ್ಖಾನೆಯ ನಿಯಮಗಳನ್ನು ಸರಳಗೊಳಿಸಿದರು. ಎಲ್ಲ ಅಳತೆಗಳನ್ನೂ ಲ್ಯಾಂಬ್ಡಾ ಎಂಬ ಒಂದೇ ಮಾನದ ಗುಣಕಗಳಾಗಿ ಹೇಳುವುದು ಇದರ ತಿರುಳು. ಲ್ಯಾಂಬ್ಡಾ ಎಂದರೆ ಆ ಕಾರ್ಖಾನೆಯು ಮೂಡಿಸಬಲ್ಲ ಅತಿ ಕಿರಿದಾದ ಗೆರೆಯ ಅಗಲದ ಅರ್ಧ. ಗೆರೆಯ ಅಗಲ ಎರಡು ಲ್ಯಾಂಬ್ಡಾ, ಅಂತರ ಮೂರು ಲ್ಯಾಂಬ್ಡಾ ಎಂಬಂತೆ ಕಲಿತ ವಿದ್ಯಾರ್ಥಿಯ ವಿನ್ಯಾಸವು ಕಾರ್ಖಾನೆ ಸುಧಾರಿಸಿ ಗೆರೆಗಳು ಇನ್ನೂ ಕಿರಿದಾದಾಗಲೂ ಬಳಕೆಗೆ ಬರುತ್ತಿತ್ತು. ಈ ವಿಧಾನದಲ್ಲಿ ಸಿಲಿಕಾನಿನ ಜಾಗ ಸ್ವಲ್ಪ ಪೋಲಾಗುತ್ತದೆಂಬುದು ಕೆಲವು ವೃತ್ತಿನಿರತರ ಆಕ್ಷೇಪವಾಗಿತ್ತು. ಆಕ್ಷೇಪ ನಿಜವೇ, ಆದರೆ ಕಲಿಯುವವನಿಗೆ ಬೇಕಾದದ್ದು ಜಾಗದ ಉಳಿತಾಯವಲ್ಲ, ಹಿಡಿತಕ್ಕೆ ಸಿಗುವ ನಿಯಮ.

1978ರ ಶರತ್ಕಾಲದಲ್ಲಿ ಕಾನ್ವೆ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ಅಂದರೆ ಎಂಐಟಿಯಲ್ಲಿ, ಸಂದರ್ಶಕ ಪ್ರಾಧ್ಯಾಪಕರಾಗಿ ಈ ಪಾಠವನ್ನು ಮಾಡಿದರು. ಅವರ ಬದುಕಿನ ಹಿನ್ನೆಲೆ ಇಲ್ಲಿ ಪ್ರಸ್ತುತ. 1960ರ ದಶಕದಲ್ಲಿ ಐಬಿಎಂ ಕಂಪನಿಯಲ್ಲಿ ಗಣಕ ವಿನ್ಯಾಸದಲ್ಲಿ ಮಹತ್ವದ ಕೆಲಸ ಮಾಡಿದ್ದ ಅವರನ್ನು, ಲಿಂಗ ಪರಿವರ್ತನೆ ಮಾಡಿಕೊಳ್ಳುವ ನಿರ್ಧಾರ ತಿಳಿದ ಮೇಲೆ, 1968ರಲ್ಲಿ ಆ ಕಂಪನಿ ಕೆಲಸದಿಂದ ತೆಗೆದಿತ್ತು. ಹೊಸ ಹೆಸರಿನಲ್ಲಿ, ಹಳೆಯ ಸಾಧನೆಯನ್ನು ಹೇಳಿಕೊಳ್ಳಲಾಗದೆ, ಸಾಮಾನ್ಯ ಪ್ರೋಗ್ರಾಮರ್ ಆಗಿ ಅವರು ಮತ್ತೆ ಮೊದಲಿನಿಂದ ಪ್ರಾರಂಭಿಸಬೇಕಾಯಿತು. ಎಂಐಟಿಯ ತರಗತಿಯನ್ನು ಎದುರಿಸುವ ಅಳುಕಿನಿಂದ ಅವರು ಪ್ರತಿಯೊಂದು ಪಾಠವನ್ನೂ ಮೊದಲಿನಿಂದ ಕೊನೆಯವರೆಗೆ ವಿವರವಾಗಿ ಬರೆದಿಟ್ಟುಕೊಂಡರು. ಆ ಟಿಪ್ಪಣಿಗಳೇ ಮುಂದೆ ಇತರ ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆ ಕೈಪಿಡಿಯಾಗಿ ಒದಗಿ, ಪಾಠಕ್ರಮ ಅಷ್ಟು ಶೀಘ್ರವಾಗಿ ಹರಡಲು ಒಂದು ಮುಖ್ಯ ಕಾರಣವಾಯಿತು.

ಆ ತರಗತಿಯ ಮೊದಲ ಅರ್ಧದಲ್ಲಿ ಪಾಠ, ಉಳಿದರ್ಧದಲ್ಲಿ ಪ್ರತಿಯೊಬ್ಬರ ಸ್ವಂತ ಯೋಜನೆ. ಸಿದ್ಧವಾದ ನಕ್ಷೆಗಳನ್ನು ಒಂದು ಗೊತ್ತಾದ ಪಠ್ಯ ರೂಪದಲ್ಲಿ ಬರೆದು, ಅರ್ಪಾನೆಟ್ ಎಂಬ ಅಂದಿನ ಗಣಕ ಜಾಲದ ಮೂಲಕ ಪಾಲೊ ಆಲ್ಟೊಗೆ ಕಳುಹಿಸಲಾಯಿತು. ಅಲ್ಲಿ 19 ಯೋಜನೆಗಳನ್ನು ಒಂದೇ ನಕ್ಷೆಯಲ್ಲಿ ಅಕ್ಕಪಕ್ಕ ಜೋಡಿಸಿದರು. ಹ್ಯೂಲೆಟ್–ಪ್ಯಾಕರ್ಡ್ ಕಂಪನಿಯ ಪ್ರಯೋಗಾಲಯದಲ್ಲಿ ಸಿಲಿಕಾನ್ ಬಿಲ್ಲೆಗಳು ಸಿದ್ಧವಾದವು. ಬೇರೆ ಬೇರೆಯವರ ಕಾಗದಗಳೆಲ್ಲ ಒಂದೇ ಅಂಚೆಚೀಲದಲ್ಲಿ ಪ್ರಯಾಣ ಮಾಡುವಂತೆ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಭರಿಸಲಾಗದ ವೆಚ್ಚವನ್ನು ಎಲ್ಲರೂ ಹಂಚಿಕೊಂಡರು. ನಕ್ಷೆ ಕಳುಹಿಸಿದ ಸುಮಾರು ಆರು ವಾರಗಳಲ್ಲಿ ವಿದ್ಯಾರ್ಥಿಗಳ ಕೈಗೆ ಅವರವರ ಚಿಪ್‌ಗಳು ಮರಳಿ ಬಂದವು. ಅವುಗಳಲ್ಲಿ ಗೈ ಸ್ಟೀಲ್ ಎಂಬ ವಿದ್ಯಾರ್ಥಿಯು ಲಿಸ್ಪ್ ಭಾಷೆಗಾಗಿ ರೂಪಿಸಿದ ಸಂಸ್ಕಾರಕವೂ ಒಂದು.

ಮರುವರ್ಷ ಇದೇ ಪ್ರಯೋಗ ಹತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳನ್ನು ಒಳಗೊಂಡು ಎಂಪಿಸಿ–79 ಎಂಬ ಹೆಸರಿನಲ್ಲಿ ನಡೆಯಿತು. 82 ವಿನ್ಯಾಸಗಳು ಜಾಲದ ಮೂಲಕ ಬಂದವು. ಕೊನೆಯ ದಿನಾಂಕದಿಂದ 29 ದಿನಗಳಲ್ಲಿ ಚಿಪ್‌ಗಳು ಸಿದ್ಧವಾದವು. ಮೂರು ಆಯಾಮದ ಚಿತ್ರಗಳನ್ನು ಪರದೆಯ ಮೇಲೆ ಮೂಡಿಸುವ ಜಿಮ್ ಕ್ಲಾರ್ಕ್ ಅವರ ‘ಜ್ಯಾಮಿತಿ ಎಂಜಿನ್’ ಇದರ ಫಲಗಳಲ್ಲೊಂದು. ಅದನ್ನೇ ನೆಚ್ಚಿಕೊಂಡು ಅವರು ಮುಂದೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯನ್ನು ಸ್ಥಾಪಿಸಿದರು. ಮೀಡ್ ಮತ್ತು ಕಾನ್ವೆ ಅವರ ಪಠ್ಯಪುಸ್ತಕ 1980ರ ಮುದ್ರಣವರ್ಷವನ್ನು ಹೊತ್ತು ಹೊರಬಂತು. 1981ರಲ್ಲಿ ಈ ಒಟ್ಟುಗೂಡಿಸುವ ಕೆಲಸಕ್ಕಾಗಿಯೇ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಮೋಸಿಸ್ ಎಂಬ ಶಾಶ್ವತ ಸೇವೆ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಈ ಪಾಠವನ್ನು ಅಳವಡಿಸಿಕೊಂಡವು. ವಿನ್ಯಾಸ ಮಾಡುವವರು ಒಂದೆಡೆ, ತಯಾರಿಸುವ ಕಾರ್ಖಾನೆ ಮತ್ತೊಂದೆಡೆ ಎಂಬ ಇಂದಿನ ಚಿಪ್ ಉದ್ಯಮದ ವ್ಯವಸ್ಥೆಗೆ ದಾರಿ ಮಾಡಿಕೊಟ್ಟವುಗಳಲ್ಲಿ ಈ ಪಾಠಕ್ರಮವನ್ನು ಮುಖ್ಯವಾಗಿ ಹೆಸರಿಸಲಾಗುತ್ತದೆ.

ಐಬಿಎಂ 2020ರಲ್ಲಿ, 52 ವರ್ಷಗಳ ಅನಂತರ, ಕಾನ್ವೆ ಅವರ ಕ್ಷಮೆ ಕೇಳಿತು. 2023ರಲ್ಲಿ ಅವರ ಹೆಸರು ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವಪಟ್ಟಿಗೆ ಸೇರಿತು. 2024ರ ಜೂನ್ ತಿಂಗಳಲ್ಲಿ ಅವರು ನಿಧನರಾದರು.

ಫಲಕ ವಿನ್ಯಾಸ: ಕಲಿಕೆಯ ಹಂತಗಳು

ಬಹುಪಾಲು ವಿದ್ಯಾರ್ಥಿಗಳು ಮೊದಲು ಕಲಿಯುವುದು ಚಿಪ್ ವಿನ್ಯಾಸವನ್ನಲ್ಲ, ಫಲಕ ವಿನ್ಯಾಸವನ್ನು. ಆರಂಭದ ಅಭ್ಯಾಸವಾಗಿ ಸಾಮಾನ್ಯವಾಗಿ ಆರಿಸಿಕೊಳ್ಳುವುದು 555 ಎಂಬ ಕಾಲಮಾಪಕ ಚಿಪ್ ಬಳಸಿ ಎಲ್‌ಇಡಿ ದೀಪವನ್ನು ಮಿನುಗಿಸುವ ಮಂಡಲ. ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ ಈ ಚಿಪ್ ಅಗ್ಗವಾಗಿ ಸಿಗುತ್ತದೆ. ಇದಕ್ಕೆ ಎಂಟು ಕಾಲುಗಳಿವೆ. ಎರಡು ರೋಧಕಗಳು ಮತ್ತು ಒಂದು ಕೆಪಾಸಿಟರ್ ಮಿನುಗುವ ವೇಗವನ್ನು ನಿರ್ಧರಿಸುತ್ತವೆ. ಮೊದಲ ರೋಧಕದ ಮೌಲ್ಯಕ್ಕೆ ಎರಡನೆಯದರ ಇಮ್ಮಡಿಯನ್ನು ಕೂಡಿಸಿ, ಕೆಪಾಸಿಟರಿನ ಮೌಲ್ಯದಿಂದ ಗುಣಿಸಿ, ಬಂದದ್ದನ್ನು 0.693ರಿಂದ ಗುಣಿಸಿದರೆ ಒಂದು ಆವರ್ತದ ಕಾಲ ದೊರೆಯುತ್ತದೆ. 10 ಕಿಲೋಓಮ್, 68 ಕಿಲೋಓಮ್ ಮತ್ತು 10 ಮೈಕ್ರೋಫ್ಯಾರಡ್ ತೆಗೆದುಕೊಂಡರೆ ಉತ್ತರ ಸುಮಾರು 1.01 ಸೆಕೆಂಡು.

ಮೊದಲ ಹಂತದಲ್ಲಿ ವಿದ್ಯಾರ್ಥಿಯು ತಂತ್ರಾಂಶದಲ್ಲಿ ಮಂಡಲದ ರೇಖಾಚಿತ್ರವನ್ನು ಬರೆಯುತ್ತಾನೆ. ಇಲ್ಲಿ ಬಿಡಿಭಾಗಗಳು ಕೇವಲ ಸಂಕೇತಗಳು. ಅವುಗಳ ಗಾತ್ರ, ಸ್ಥಾನ ಮುಖ್ಯವಲ್ಲ, ಯಾವುದು ಯಾವುದಕ್ಕೆ ಜೋಡಣೆಯಾಗಿದೆ ಎಂಬುದಷ್ಟೇ ಮುಖ್ಯ. ಎರಡು ಗೆರೆಗಳು ಒಂದನ್ನೊಂದು ಹಾದು ಹೋದ ಮಾತ್ರಕ್ಕೆ ಕೂಡಿದಂತಲ್ಲ, ಕೂಡುವಲ್ಲಿ ಚುಕ್ಕೆ ಇರಬೇಕು ಎಂಬುದು ಹೊಸಬರು ಮೊದಲು ಎಡವುವ ಜಾಗ. ಬಿಟ್ಟುಹೋದ ಜೋಡಣೆಗಳನ್ನು ವಿದ್ಯುತ್ ನಿಯಮಗಳ ತಪಾಸಣೆ ಎಂಬ ಸೌಲಭ್ಯ ತೋರಿಸಿಕೊಡುತ್ತದೆ.

ಎರಡನೆಯದು ಅನುಕರಣ. ತಂತ್ರಾಂಶವು ಮಂಡಲದ ಪ್ರತಿಯೊಂದು ಸಂಧಿಯಲ್ಲಿ ವೋಲ್ಟೇಜ್ ಕಾಲಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆಂದು ಲೆಕ್ಕ ಹಾಕಿ ರೇಖೆಯಾಗಿ ತೋರಿಸುತ್ತದೆ. ಭೂಸಂಪರ್ಕದ ಸಂಧಿಯನ್ನು ಗುರುತಿಸದಿದ್ದರೆ ಸ್ಪೈಸ್ ಲೆಕ್ಕವನ್ನೇ ಆರಂಭಿಸುವುದಿಲ್ಲ. ವೋಲ್ಟೇಜ್ ಎಂಬುದು ಯಾವಾಗಲೂ ಎರಡು ಬಿಂದುಗಳ ನಡುವಿನ ಅಂತರ ಎಂಬ ಪಾಠ ಇದರಿಂದ ತಾನಾಗಿ ಮನದಟ್ಟಾಗುತ್ತದೆ. ಕೆಲವು ಆಂದೋಲಕ ಮಂಡಲಗಳು ಮೇಜಿನ ಮೇಲೆ ಸರಾಗವಾಗಿ ಕೆಲಸ ಮಾಡಿದರೂ ಅನುಕರಣದಲ್ಲಿ ಅಲುಗಾಡದೆ ನಿಂತುಬಿಡುವುದುಂಟು. ನಿಜವಾದ ಮಂಡಲದಲ್ಲಿ ಸದಾ ಇರುವ ಅತ್ಯಲ್ಪ ವಿದ್ಯುತ್ ಗದ್ದಲವೇ ಆಂದೋಲನಕ್ಕೆ ಮೊದಲ ತಳ್ಳು ಕೊಡುತ್ತದೆ. ಗಣಕದ ಲೋಕದಲ್ಲಿ ಆ ಗದ್ದಲ ಇರುವುದಿಲ್ಲ. ಆರಂಭದ ತಳ್ಳನ್ನು ವಿದ್ಯಾರ್ಥಿಯೇ ಕೊಡಬೇಕು.

ಮೂರನೆಯ ಹಂತದಲ್ಲಿ ಪ್ರತಿಯೊಂದು ಸಂಕೇತಕ್ಕೂ ಅದರ ನಿಜವಾದ ಆಕಾರವನ್ನು, ಅಂದರೆ ಫಲಕದ ಮೇಲೆ ಅದು ಊರುವ ಹೆಜ್ಜೆಗುರುತನ್ನು, ಗೊತ್ತುಮಾಡಬೇಕು. ಒಂದೇ ಹೆಸರಿನ ಟ್ರಾನ್ಸಿಸ್ಟರ್ ಬೇರೆ ಬೇರೆ ಕವಚಗಳಲ್ಲಿ ಬರುತ್ತದೆ. ಕಾಲುಗಳ ಅನುಕ್ರಮವೂ ಬದಲಾಗಬಹುದು. ತಯಾರಕರ ಮಾಹಿತಿ ಪತ್ರವನ್ನು ಓದದೆ ಇದನ್ನು ಊಹಿಸಿದರೆ, ಫಲಕ ಕೈಗೆ ಬಂದ ಮೇಲೆ ಬಿಡಿಭಾಗ ಅದರಲ್ಲಿ ಕೂರುವುದಿಲ್ಲ. ಅನುಭವಿ ಬೋಧಕರು ಈ ಹಂತದಲ್ಲಿ ನಕ್ಷೆಯನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಬಿಡಿಭಾಗಗಳನ್ನು ಅದರ ಮೇಲಿಟ್ಟು ನೋಡಲು ಹೇಳುತ್ತಾರೆ. ಖರ್ಚಿಲ್ಲದ ಪರೀಕ್ಷೆ, ಉಳಿಸುವ ನಷ್ಟ ದೊಡ್ಡದು.

ಅನಂತರ ಬಿಡಿಭಾಗಗಳನ್ನು ಫಲಕದ ಮೇಲೆ ಹರಡಿ, ತಾಮ್ರದ ದಾರಿಗಳನ್ನು ಎಳೆಯುವ ಕೆಲಸ. ತಂತ್ರಾಂಶ ತಾನಾಗಿ ದಾರಿ ಎಳೆಯುವ ಸೌಲಭ್ಯವೂ ಇದೆ. ಆದರೆ ಅದನ್ನು ಮೊದಲಿಗೇ ಕೊಟ್ಟರೆ ವಿದ್ಯಾರ್ಥಿ ಏನನ್ನೂ ಕಲಿಯುವುದಿಲ್ಲವೆಂದು ಅನೇಕ ಬೋಧಕರು ಕೈಯಿಂದಲೇ ಎಳೆಸುತ್ತಾರೆ. ಸಾಮಾನ್ಯ ಫಲಕದಲ್ಲಿ ತಾಮ್ರದ ದಪ್ಪ 35 ಮೈಕ್ರೋಮೀಟರ್, ನಾರುಗಾಜಿನ ಫಲಕದ ದಪ್ಪ 1.6 ಮಿ.ಮೀ. ಇಂತಹ ತಾಮ್ರದಲ್ಲಿ 1 ಆಂಪಿಯರ್ ವಿದ್ಯುತ್ ಹರಿದಾಗ ಉಷ್ಣತೆ 10 ಡಿಗ್ರಿಗಿಂತ ಹೆಚ್ಚಾಗಿ ಏರಬಾರದಾದರೆ ಹೊರಪದರದ ದಾರಿಯ ಅಗಲ ಸುಮಾರು 0.3 ಮಿ.ಮೀ. ಇರಬೇಕು. ಚಿಪ್‌ನ ವಿದ್ಯುತ್ ಪೂರೈಕೆಯ ಕಾಲಿಗೆ ಆದಷ್ಟು ಹತ್ತಿರದಲ್ಲಿ ಸಣ್ಣ ಕೆಪಾಸಿಟರನ್ನು ಇಡಬೇಕೆಂಬುದು ರೇಖಾಚಿತ್ರದಲ್ಲಿ ಕಾಣದ, ಫಲಕದಲ್ಲಿ ಮಾತ್ರ ಅರ್ಥವಾಗುವ ನಿಯಮ. ರೇಖಾಚಿತ್ರದಲ್ಲಿ ಅದು ಎಲ್ಲಿದ್ದರೂ ಒಂದೇ. ಫಲಕದಲ್ಲಿ ನಾಲ್ಕು ಸೆಂಟಿಮೀಟರ್ ದೂರವಿದ್ದರೆ ಅದರ ಪ್ರಯೋಜನ ಬಹಳ ಕಡಿಮೆ.

ಕೊನೆಗೆ ವಿನ್ಯಾಸ ನಿಯಮಗಳ ತಪಾಸಣೆ ನಡೆದು, ಗರ್ಬರ್ ಎಂಬ ಮಾದರಿಯ ಕಡತಗಳು ಸಿದ್ಧವಾಗುತ್ತವೆ. ತಾಮ್ರದ ಪ್ರತಿಯೊಂದು ಪದರಕ್ಕೆ, ಹಸಿರು ರಕ್ಷಾಲೇಪಕ್ಕೆ, ಮೇಲಿನ ಬಿಳಿ ಬರಹಕ್ಕೆ ಒಂದೊಂದು ಕಡತ. ರಂಧ್ರಗಳಿಗೆ ಪ್ರತ್ಯೇಕ ಕಡತ. ತಪಾಸಣೆಯಲ್ಲಿ ದೋಷವಿಲ್ಲವೆಂದು ಬಂದರೆ ಮಂಡಲ ಸರಿಯಿದೆ ಎಂದಲ್ಲ, ಅದನ್ನು ತಯಾರಿಸಬಹುದು ಎಂದಷ್ಟೇ ಅರ್ಥ. ಕಾಗುಣಿತ ತಪ್ಪಿಲ್ಲದ ಪ್ರಬಂಧವೆಲ್ಲ ಒಳ್ಳೆಯ ಪ್ರಬಂಧವಾಗದಂತೆಯೇ ಇದೂ.

ತಯಾರಿಕೆಗೆ ಎರಡು ದಾರಿಗಳಿವೆ. ಕಡತಗಳನ್ನು ಕಾರ್ಖಾನೆಗೆ ಕಳುಹಿಸಿ ಫಲಕವನ್ನು ತರಿಸಿಕೊಳ್ಳುವುದು ಒಂದು. ಶಾಲಾ ಪ್ರಯೋಗಾಲಯದಲ್ಲೇ ಮಾಡಿಕೊಳ್ಳುವುದು ಇನ್ನೊಂದು. ಲೇಸರ್ ಮುದ್ರಕದಿಂದ ನುಣುಪಾದ ಕಾಗದದ ಮೇಲೆ ನಕ್ಷೆಯನ್ನು ಮುದ್ರಿಸಿ, ತಾಮ್ರ ಹೊದಿಸಿದ ಫಲಕದ ಮೇಲೆ ಅದನ್ನು ಬೋರಲಾಗಿಟ್ಟು ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಶಾಯಿಯ ಪುಡಿ ತಾಮ್ರಕ್ಕೆ ಅಂಟುತ್ತದೆ. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದಾಗ ಶಾಯಿಯಿಲ್ಲದ ಕಡೆಯ ತಾಮ್ರ ಕರಗಿ ದಾರಿಗಳು ಉಳಿಯುತ್ತವೆ. ಇಲ್ಲಿ ಕನ್ನಡಿ ಬಿಂಬದ ಗೊಂದಲ ಪ್ರಸಿದ್ಧವಾದದ್ದು. ಮೇಲ್ಪದರದ ನಕ್ಷೆಯನ್ನು ತಿರುವುಮುರುವಾಗಿ ಮುದ್ರಿಸಬೇಕು, ಕೆಳಪದರದ ನಕ್ಷೆಯನ್ನು ಇದ್ದಂತೆಯೇ ಮುದ್ರಿಸಬೇಕು. ಅದಲುಬದಲಾದರೆ ಚಿಪ್‌ನ ಒಂದನೆಯ ಕಾಲು ಇರಬೇಕಾದಲ್ಲಿ ಎಂಟನೆಯದು ಬರುತ್ತದೆ. ದ್ರಾವಣವು ಚರ್ಮಕ್ಕೂ ಬಟ್ಟೆಗೂ ಹಾನಿ ಮಾಡುತ್ತದೆ. ತಾಮ್ರ ಬೆರೆತ ಬಳಸಿದ ದ್ರಾವಣವನ್ನು ಚರಂಡಿಗೆ ಸುರಿಯುವುದು ಸಲ್ಲದು. ಕೈಗವಸು, ಕನ್ನಡಕ ಮತ್ತು ಗಾಳಿಯಾಡುವ ಕೋಣೆ ಅವಶ್ಯ.

ಬೆಸುಗೆ ಮುಗಿದು ದೀಪ ಮಿನುಗಲು ತೊಡಗಿದಾಗ ಗಡಿಯಾರವಿಟ್ಟು ನೋಡಿದರೆ, ಲೆಕ್ಕದಲ್ಲಿ ಬಂದ 1.01 ಸೆಕೆಂಡು ಕಾಣದಿರಬಹುದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮೌಲ್ಯ ಅದರ ಮೇಲೆ ಬರೆದದ್ದಕ್ಕಿಂತ ಶೇಕಡಾ 20ರಷ್ಟು ಹೆಚ್ಚು ಅಥವಾ ಕಡಿಮೆ ಇರುವುದಕ್ಕೆ ಅವಕಾಶವಿದೆ. 0.8 ಸೆಕೆಂಡು ಬಂದರೂ ಮಂಡಲದಲ್ಲಿ ದೋಷವಿಲ್ಲ. ಸಂಖ್ಯೆ ಮತ್ತು ವಸ್ತುವಿನ ನಡುವಿನ ಈ ಅಂತರವನ್ನು ಪರದೆ ತಾನಾಗಿ ತೋರಿಸುವುದಿಲ್ಲ. ತಯಾರಿಸಿ ನೋಡುವ ಪಾಠಕ್ಕೆ ಬೆಲೆ ಬರುವುದು ಇಂತಹ ಕಡೆಗಳಲ್ಲಿ.

ಕಿಕ್ಯಾಡ್ ಮತ್ತು ಮುಕ್ತ ತಂತ್ರಾಂಶಗಳು

ಫಲಕ ವಿನ್ಯಾಸಕ್ಕೆ ಬಳಸುವ ವೃತ್ತಿಪರ ತಂತ್ರಾಂಶಗಳು ಬಹಳ ದುಬಾರಿ. ಫ್ರಾನ್ಸಿನ ಗ್ರೆನೋಬ್ಲ್ ನಗರದ ತಾಂತ್ರಿಕ ಶಿಕ್ಷಣ ಸಂಸ್ಥೆಯಲ್ಲಿದ್ದ ಜಾನ್–ಪಿಯರ್ ಶಾರಾ 1992ರಲ್ಲಿ ಕಿಕ್ಯಾಡ್ ಎಂಬ ತಂತ್ರಾಂಶವನ್ನು ರಚಿಸಿ, ಮುಂದೆ ಯಾರು ಬೇಕಾದರೂ ಬಳಸುವಂತೆ, ತಿದ್ದುವಂತೆ ಬಿಡುಗಡೆ ಮಾಡಿದರು. ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯವು 2010ರ ದಶಕದಲ್ಲಿ ಇದರ ಅಭಿವೃದ್ಧಿಗೆ ಕೈಜೋಡಿಸಿದ ಮೇಲೆ ಅದು ಉದ್ಯಮದ ಮಟ್ಟಕ್ಕೆ ಬೆಳೆಯಿತು. 2019ರಲ್ಲಿ ಯೋಜನೆಯು ಲಿನಕ್ಸ್ ಪ್ರತಿಷ್ಠಾನದ ಆಶ್ರಯಕ್ಕೆ ಸೇರಿತು. ಇಟಲಿಯ ಇವ್ರೆಯಾದಲ್ಲಿ ವಿನ್ಯಾಸ ವಿದ್ಯಾರ್ಥಿಗಳಿಗಾಗಿ 2005ರಲ್ಲಿ ರೂಪುಗೊಂಡ ಆರ್ಡುಯಿನೊ ಫಲಕ, ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಸಿದ್ಧವಾದ ಫ್ರಿಟ್ಜಿಂಗ್ ತಂತ್ರಾಂಶ ಇವೂ ಇದೇ ಜಾಡಿನವು.

ಮುಕ್ತವಲ್ಲದ ತಂತ್ರಾಂಶವನ್ನು ನೆಚ್ಚಿ ಪಾಠಕ್ರಮ ರಚಿಸುವುದರ ಅಪಾಯಕ್ಕೆ ಈಗಲ್ ತಂತ್ರಾಂಶ ಉದಾಹರಣೆ. 1988ರಿಂದ ಇದ್ದು, ಹವ್ಯಾಸಿಗಳಿಗೂ ವಿದ್ಯಾರ್ಥಿಗಳಿಗೂ ಪ್ರಿಯವಾಗಿದ್ದ ಇದನ್ನು 2016ರಲ್ಲಿ ಆಟೋಡೆಸ್ಕ್ ಕಂಪನಿ ಕೊಂಡಿತು. 2026ರ ಜೂನ್ ತಿಂಗಳಿಗೆ ಅದನ್ನು ನಿಲ್ಲಿಸುವುದಾಗಿ 2023ರಲ್ಲಿ ಪ್ರಕಟಿಸಿತು. ಅದನ್ನೇ ಆಧರಿಸಿ ಬರೆದ ಪ್ರಯೋಗ ಕೈಪಿಡಿಗಳನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಭಾರತದಲ್ಲಿ

ಭಾರತದಲ್ಲಿ ಈ ಶಿಕ್ಷಣದ ಆರಂಭದ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಂತ್ರಜ್ಞಾನ ಕೇಂದ್ರ ಪ್ರಮುಖವಾದದ್ದು. 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಆರಂಭವಾದ ಈ ಕೇಂದ್ರ, ಉಪಕರಣವೊಂದನ್ನು ಕಲ್ಪನೆಯಿಂದ ತಯಾರಿಕೆಯವರೆಗೆ ಕೊಂಡೊಯ್ಯುವ ಎಂಜಿನಿಯರುಗಳನ್ನು ರೂಪಿಸುವ ಗುರಿ ಹೊಂದಿತ್ತು. ಅಲ್ಲಿ ಕೆಲಸ ಮಾಡಿದ ವಾಲ್ಟರ್ ಬೊಷಾರ್ಟ್ ಬರೆದ ಮುದ್ರಿತ ಮಂಡಲ ಫಲಕಗಳ ಕುರಿತ ಇಂಗ್ಲಿಷ್ ಪುಸ್ತಕ ಭಾರತದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ದೀರ್ಘಕಾಲ ಪಠ್ಯವಾಗಿ ಬಳಕೆಯಲ್ಲಿತ್ತು. ಕೇಂದ್ರವು ಈಗ ಎಲೆಕ್ಟ್ರಾನಿಕ್ ವ್ಯವಸ್ಥೆಗಳ ಎಂಜಿನಿಯರಿಂಗ್ ವಿಭಾಗವೆಂಬ ಹೆಸರಿನಲ್ಲಿ ಮುಂದುವರಿದಿದೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದ ಮೇಲೆ ಚಿಪ್ ವಿನ್ಯಾಸ ಬಲ್ಲವರಿಗೆ ಬೇಡಿಕೆ ಹುಟ್ಟಿತು. ಕೇಂದ್ರ ಸರ್ಕಾರ 1998ರಲ್ಲಿ ಇದಕ್ಕಾಗಿ ವಿಶೇಷ ಮಾನವಶಕ್ತಿ ಅಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿತು; ದುಬಾರಿ ತಂತ್ರಾಂಶಗಳನ್ನು ಆಯ್ದ ಸಂಸ್ಥೆಗಳಿಗೆ ಒದಗಿಸಿತು. ಭಾರತೀಯ ವಿಜ್ಞಾನ ಸಂಸ್ಥೆ ಅದರ ಸಂಪನ್ಮೂಲ ಕೇಂದ್ರಗಳಲ್ಲೊಂದಾಗಿತ್ತು. ಹೀಗಿದ್ದರೂ ಬಹುಪಾಲು ವಿದ್ಯಾರ್ಥಿಗಳ ವಿನ್ಯಾಸ ಪರದೆಯ ಮೇಲೆಯೇ ಮುಗಿಯುತ್ತಿತ್ತು. ಈ ಕೊರತೆಯನ್ನು ನೀಗುವುದು ‘ಚಿಪ್ಸ್ ಟು ಸ್ಟಾರ್ಟಪ್’ ಎಂಬ ಈಚಿನ ಯೋಜನೆಯ ಉದ್ದೇಶಗಳಲ್ಲೊಂದು. 85,000 ಎಂಜಿನಿಯರುಗಳನ್ನು ತರಬೇತುಗೊಳಿಸುವ ಗುರಿ ಅದಕ್ಕಿದೆ. ಬೆಂಗಳೂರಿನ ಸಿ–ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರವು ದೇಶದ ಕಾಲೇಜುಗಳಿಗೆ ವಿನ್ಯಾಸ ತಂತ್ರಾಂಶಗಳನ್ನು ಜಾಲದ ಮೂಲಕ ಒದಗಿಸುತ್ತದೆ. ವಿದ್ಯಾರ್ಥಿಗಳ ವಿನ್ಯಾಸಗಳನ್ನು ಒಟ್ಟುಗೂಡಿಸಿ ಮೊಹಾಲಿಯ ಸೆಮಿಕಂಡಕ್ಟರ್ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಅಲ್ಲಿ 180 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಚಿಪ್‌ಗಳು ತಯಾರಾಗುತ್ತವೆ. ಉದ್ಯಮದ ದೃಷ್ಟಿಯಿಂದ ಇದು ಹಳೆಯ ತಂತ್ರಜ್ಞಾನವಾದರೂ ಕಲಿಕೆಗೆ ಧಾರಾಳವಾಗಿ ಸಾಕು.

ಐಐಟಿ ಮುಂಬಯಿಯ ಫಾಸೀ ಯೋಜನೆ ಕಿಕ್ಯಾಡ್ ಮತ್ತು ಎನ್‌ಜಿ–ಸ್ಪೈಸ್‌ಗಳನ್ನು ಒಗ್ಗೂಡಿಸಿ ಇ–ಸಿಮ್ ಎಂಬ ಉಚಿತ ತಂತ್ರಾಂಶವನ್ನು ಸಿದ್ಧಪಡಿಸಿದೆ. ಬೆಲೆಯ ತಂತ್ರಾಂಶಗಳನ್ನು ಬಳಸುವ ಕಾಲೇಜು ಪ್ರಯೋಗಾಲಯಗಳು ಇದಕ್ಕೆ ಬದಲಾಗಲು ಅಲ್ಲಿಂದ ನೆರವು ದೊರೆಯುತ್ತದೆ. ಅದೇ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳ ದೃಶ್ಯ–ಧ್ವನಿ ಪಾಠಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತರುತ್ತಿದೆ. ಕನ್ನಡ ಮಾಧ್ಯಮದಿಂದ ಬಂದು ಡಿಪ್ಲೊಮಾ ಸೇರುವ ವಿದ್ಯಾರ್ಥಿಗೆ ಪಠ್ಯ, ತಂತ್ರಾಂಶದ ಆದೇಶಗಳು, ಮಾಹಿತಿ ಪತ್ರ ಮೂರೂ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಮಂಡಲ ಅರ್ಥವಾಗಿದ್ದರೂ ದೋಷಸೂಚನೆಯ ವಾಕ್ಯ ಅರ್ಥವಾಗದೆ ಕೈಚೆಲ್ಲುವವರಿಗೆ ಇಂತಹ ಪಾಠಗಳು ಆಸರೆ.

ಸಮಸ್ಯೆಗಳು

ತಂತ್ರಾಂಶ ಸುಲಭವಾಗಿ ಸಿಗುವುದರಿಂದಲೇ ಪ್ರಯೋಗಾಲಯದ ಕೆಲಸ ಕುಗ್ಗುವ ಸಂಭವವಿದೆ. ಅನುಕರಣದ ರೇಖೆಯನ್ನು ಮುದ್ರಿಸಿ ದಾಖಲೆ ಪುಸ್ತಕಕ್ಕೆ ಅಂಟಿಸಿದರೆ ಪ್ರಯೋಗ ಮುಗಿಯಿತೆಂದು ಭಾವಿಸುವುದು ಅಪರೂಪವಲ್ಲ. ಒಬ್ಬನ ಕಡತವೇ ಇಡೀ ತರಗತಿಯ ಕಡತವಾಗುವುದೂ ಸುಲಭ. ಪ್ರತಿಯೊಬ್ಬರಿಗೂ ಬೇರೆ ಬೇರೆ ಮೌಲ್ಯಗಳನ್ನು ಕೊಟ್ಟು, ತಯಾರಾದ ಫಲಕವನ್ನು ಅಳೆಯಿಸಿ, ಲೆಕ್ಕಕ್ಕೂ ಅಳತೆಗೂ ಇರುವ ವ್ಯತ್ಯಾಸಕ್ಕೆ ಕಾರಣ ಬರೆಯಿಸುವುದು ಇದಕ್ಕೊಂದು ಪರಿಹಾರ.

ಚಿಪ್ ತಯಾರಿಕೆಯಲ್ಲಿ ಅಡ್ಡಿಗಳು ಇನ್ನೂ ಹೆಚ್ಚು. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಕಂಪನಿಗಳು 130 ನ್ಯಾನೋಮೀಟರ್ ತಂತ್ರಜ್ಞಾನದ ವಿನ್ಯಾಸ ನಿಯಮಗಳನ್ನು ಗೋಪ್ಯತೆಯ ಕರಾರಿಲ್ಲದೆ ಎಲ್ಲರಿಗೂ ತೆರೆದಿಟ್ಟವು. ಅದನ್ನು ಬಳಸಿ 2022ರಲ್ಲಿ ಮ್ಯಾಟ್ ವೆನ್ ಆರಂಭಿಸಿದ ಟೈನಿ ಟೇಪ್‌ಔಟ್ ಯೋಜನೆಯು ನೂರಾರು ಪುಟ್ಟ ವಿನ್ಯಾಸಗಳನ್ನು ಒಂದೇ ಚಿಪ್ ಮೇಲೆ ಕೂರಿಸುವುದರಿಂದ ಶಾಲಾ ವಿದ್ಯಾರ್ಥಿಯೂ ತನ್ನ ಮಂಡಲವನ್ನು ಸಿಲಿಕಾನಿನಲ್ಲಿ ಕಾಣಲು ಸಾಧ್ಯವಾಯಿತು. ಆದರೆ ವಿನ್ಯಾಸಗಳನ್ನು ಸ್ಕೈವಾಟರ್ ಕಾರ್ಖಾನೆಗೆ ತಲುಪಿಸುವ ಮಧ್ಯವರ್ತಿಯಾಗಿದ್ದ ಇಫ್ಯಾಬ್ಲೆಸ್ ಕಂಪನಿ 2025ರ ಮಾರ್ಚ್ ತಿಂಗಳಲ್ಲಿ ಹಠಾತ್ತನೆ ಬಾಗಿಲು ಹಾಕಿತು. ಆಗ ತಯಾರಿಕೆಯ ಸರದಿಯಲ್ಲಿದ್ದ ವಿನ್ಯಾಸಗಳು ಅತಂತ್ರವಾದವು; ಟೈನಿ ಟೇಪ್‌ಔಟ್ ಬೇರೆ ಕಾರ್ಖಾನೆಗಳತ್ತ ತಿರುಗಬೇಕಾಯಿತು.